ಮೂಕಿ ಭಾರ 350 ಪೌಂಡ್: ಹಳೆಯ ಪಿಕಪ್ಪಿಗೆ ಟ್ರೇಲರ್ ಹಿಚ್ ಕೂರಿಸಿದ ಒಂದು ಪ್ರಕರಣ

ಪಿಕಪ್ಪು ನಮ್ಮಲ್ಲಿಗೆ ಕೆಲಸಕ್ಕೆ ಬಂದಾಗ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಚೌಕಟ್ಟು, ಅಂದರೆ ಹಿಚ್, ಆಗಲೇ ಅದರ ಅಡಿಯಲ್ಲಿತ್ತು. ಆರು ಬೋಲ್ಟುಗಳಲ್ಲಿ ಐದು ಒಳಗೆ ಹೋಗಿದ್ದವು. ಆರನೆಯದು ನಾಲ್ಕು ಸುತ್ತು ಹೋಗಿ ಕಚ್ಚಿಕೊಂಡಿತ್ತು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಚಾಸಿಯ ಒಳಗಿನ ನಟ್ಟೂ ಅದರ ಜೊತೆಗೇ ಸುತ್ತುತ್ತಿತ್ತು. ಟ್ರೇಲರಿನ ವೈರನ್ನೂ ಜೋಡಿಸಿದ್ದರು, ಆದರೆ ಪಾರ್ಕಿಂಗ್ ದೀಪ ಹಾಕಿದರೆ ಟ್ರೇಲರಿನ ಬಲ ಇಂಡಿಕೇಟರ್ ಹತ್ತುತ್ತಿತ್ತು. ಬ್ರೇಕ್ ತುಳಿದರೆ ಉಳಿದ ದೀಪಗಳೆಲ್ಲ ಮಂಕಾಗುತ್ತಿದ್ದವು.

ಗಾಡಿ 2009ರ ಮಾದರಿಯದು. ಮಧ್ಯಮ ಗಾತ್ರ, ನಾಲ್ಕು ಬಾಗಿಲು, ವಿ6 ಎಂಜಿನ್, ಫೋರ್ ವ್ಹೀಲ್ ಡ್ರೈವ್. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಆಸುಪಾಸಿನಲ್ಲಿ ನೆಲೆಸಿದ ಕನ್ನಡದ ಕುಟುಂಬವೊಂದು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿತ್ತು. ಟ್ರೇಲರ್ ಎಳೆಯುವವರಿಗಾಗಿ ಕಾರ್ಖಾನೆಯಲ್ಲೇ ಹಾಕಿಸಿಕೊಳ್ಳಬಹುದಾದ ಟೋ ಪ್ಯಾಕೇಜ್ ಇದಕ್ಕೆ ಇರಲಿಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಒಂಟಿ ಆಕ್ಸಲ್ಲಿನ ಸಣ್ಣ ಕ್ಯಾಂಪಿಂಗ್ ಟ್ರೇಲರನ್ನು ಎಳೆದುಕೊಂಡು ಮ್ಯಾಕಿನಾ ಸೇತುವೆ ದಾಟಿ ರಾಜ್ಯದ ಉತ್ತರ ಭಾಗವಾದ ಅಪ್ಪರ್ ಪೆನಿನ್ಸುಲಾಕ್ಕೆ ಹೋಗಬೇಕೆಂಬುದು ಅವರ ಯೋಜನೆ. 1957ರಲ್ಲಿ ತೆರೆದ ಆ ಸೇತುವೆ ಸುಮಾರು 5 ಮೈಲಿ ಉದ್ದ, ಎರಡು ಬದಿಗೂ ಬಯಲು ನೀರು. ಅಡ್ಡಗಾಳಿ ಜೋರಾದರೆ ಟ್ರೇಲರ್ ಎಳೆಯುವವರಿಗೆ ಅಲ್ಲಿ ಎಚ್ಚರಿಕೆ ಕೊಡುತ್ತಾರೆ. ಬಾಲ ಆಡಿಸುವ ಟ್ರೇಲರನ್ನು ಅಂಥ ಕಡೆಗೆ ಒಯ್ಯುವಂತಿಲ್ಲ.

ಕಚ್ಚಿದ ಬೋಲ್ಟು ಎದ್ದು ಕಾಣುವ ತೊಂದರೆ. ಆದರೆ ಅದಕ್ಕಿಂತ ಮೊದಲು ಲೆಕ್ಕ ನೋಡಬೇಕಿತ್ತು. ತಂದಿದ್ದ ಹಿಚ್ ಕ್ಲಾಸ್ 3 ಎಂಬ ದರ್ಜೆಯದು: 2 ಇಂಚಿನ ಚೌಕ ಕೊಳವೆ, ಅಂದರೆ ರಿಸೀವರ್, ಮೇಲಿನ ಸ್ಟಿಕ್ಕರಿನಲ್ಲಿ ಎಳೆಯುವ ಭಾರ 5,000 ಪೌಂಡ್, ಮೂಕಿ ಭಾರ (ಟ್ರೇಲರಿನ ಮೂತಿ ಗಾಡಿಯ ಮೇಲೆ ಕೆಳಮುಖವಾಗಿ ಒತ್ತುವ ಭಾರ) 500 ಪೌಂಡ್ ಎಂದು ಬರೆದಿತ್ತು. ಮಾಲೀಕರು ನೆಚ್ಚಿಕೊಂಡಿದ್ದು ಈ ಅಂಕಿಯನ್ನು. ಆದರೆ ಗಾಡಿಯ ಕೈಪಿಡಿಯಲ್ಲಿ, ಟೋ ಪ್ಯಾಕೇಜ್ ಇಲ್ಲದ ಈ ಮಾದರಿಗೆ 3,500 ಪೌಂಡ್ ಎಳೆತ, 350 ಪೌಂಡ್ ಮೂಕಿ ಭಾರ ಎಂದಿದೆ. ಹಿಚ್ಚಿನ ಸ್ಟಿಕ್ಕರ್ ಹೇಳುವುದು ಆ ಕಬ್ಬಿಣ ಎಷ್ಟು ತಡೆಯುತ್ತದೆ ಎಂದು ಮಾತ್ರ. ಗೇರ್‌ಬಾಕ್ಸಿನ ಎಣ್ಣೆ ಎಷ್ಟು ಬಿಸಿಯಾಗುತ್ತದೆ, ಆಲ್ಟರ್ನೇಟರ್ ಎಷ್ಟು ಕರೆಂಟು ಕೊಡುತ್ತದೆ, ಹಿಂದಿನ ಆಕ್ಸಲ್ ಎಷ್ಟು ಹೊರುತ್ತದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಟೋ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಹಿಚ್ ಜೊತೆಗೆ ಗೇರ್‌ಬಾಕ್ಸ್ ಎಣ್ಣೆಯ ಕೂಲರ್, ದೊಡ್ಡ ಆಲ್ಟರ್ನೇಟರ್, ಏಳು ಪಿನ್ನಿನ ಸಾಕೆಟ್ ಬರುತ್ತವೆ. ಹಿಚ್ ಒಂದನ್ನೇ ಆಮೇಲೆ ಹಾಕಿಸಿದರೆ ಉಳಿದವು ತಾವಾಗಿ ಬರುವುದಿಲ್ಲ. ಗಾಡಿ, ಹಿಚ್, ಅದರ ರಿಸೀವರಿನೊಳಗೆ ತೂರುವ ಬಾಲ್ ಮೌಂಟ್, ಅದರ ಮೇಲಿನ ಉಕ್ಕಿನ ಗುಂಡು ಅಂದರೆ ಬಾಲ್, ಆ ಗುಂಡನ್ನು ಹಿಡಿಯುವ ಟ್ರೇಲರಿನ ಕಪ್ಲರ್, ಈ ಐದರಲ್ಲಿ ಯಾವುದರ ಅಂಕಿ ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ. ಇಲ್ಲಿ ಅದು ಗಾಡಿಯದೇ: 3,500 ಮತ್ತು 350.

ಮೂಕಿ ಭಾರ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಎತ್ತಿನ ಗಾಡಿಗೆ ಹೇರು ತುಂಬಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇರು ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಕೊರಳ ಕಣ್ಣಿಯನ್ನು ಎಳೆಯುತ್ತದೆ. ತೀರಾ ಮುಂಭಾರವಾದರೆ ಎತ್ತು ಹೆಜ್ಜೆ ಕೀಳಲಾರದು. ಅದಕ್ಕೇ ತುಸು ಮುಂಭಾರ ಇಟ್ಟು ತುಂಬುತ್ತಾರೆ. ಟ್ರೇಲರಿನದೂ ಇದೇ ನ್ಯಾಯ: ತುಂಬಿದ ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಬಾಲ್ ಮೇಲೆ ಕೂರಬೇಕು. ಹತ್ತಕ್ಕಿಂತ ಇಳಿದರೆ ವೇಗ ಹೆಚ್ಚಿದಂತೆ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡಲು ಶುರುಮಾಡುತ್ತದೆ. ಒಮ್ಮೆ ಶುರುವಾದರೆ ಪ್ರತಿ ತೂಗಾಟವೂ ಹಿಂದಿನದಕ್ಕಿಂತ ಹಿಗ್ಗುತ್ತ ಹೋಗಬಹುದು.

ಈ ಟ್ರೇಲರನ್ನು ಪ್ರವಾಸಕ್ಕೆ ಹೊರಟ ಹಾಗೆಯೇ ತುಂಬಿಸಿ, ಹೆದ್ದಾರಿ ಬದಿಯ ಟ್ರಕ್ ಸ್ಟಾಪಿನ ವೇ ಬ್ರಿಡ್ಜಿನಲ್ಲಿ ತೂಗಿಸಲಾಯಿತು. ಬಂದದ್ದು 3,120 ಪೌಂಡ್, ಅಂದರೆ ಸುಮಾರು 1,415 ಕಿಲೋ. ಮೂಕಿ ಭಾರವನ್ನು ಮನೆಯ ಬಾತ್‌ರೂಮ್ ತಕ್ಕಡಿಯಲ್ಲೇ ಅಳೆಯಬಹುದು. ಆದರೆ ನೇರವಾಗಿ ಇಟ್ಟರೆ ತಕ್ಕಡಿ ಒಡೆಯುತ್ತದೆ. ಗಟ್ಟಿ ಹಲಗೆಯೊಂದರ ಕೆಳಗೆ ಎರಡು ಪೈಪು ತುಂಡು ಇಡಬೇಕು, ಒಂದು ಅಷ್ಟೇ ಎತ್ತರದ ದಿಮ್ಮಿಯ ಮೇಲೆ, ಇನ್ನೊಂದು ತಕ್ಕಡಿಯ ಮೇಲೆ. ಟ್ರೇಲರಿನ ಮೂತಿ ಹಲಗೆಯ ಮೇಲೆ ಕೂರುವ ಜಾಗ ದಿಮ್ಮಿಯ ಪೈಪಿನಿಂದ 1 ಅಡಿ, ತಕ್ಕಡಿಯ ಪೈಪಿನಿಂದ 2 ಅಡಿ ದೂರದಲ್ಲಿರಬೇಕು. ಬರೀ ಹಲಗೆಯಿದ್ದಾಗ ತಕ್ಕಡಿ ತೋರಿಸುವುದನ್ನು ಕಳೆದು, ಉಳಿದುದನ್ನು ಮೂರರಿಂದ ಗುಣಿಸಿದರೆ ಮೂಕಿ ಭಾರ. ಟ್ರೇಲರ್ ಸಮತಟ್ಟಾಗಿರಬೇಕು, ಮೂತಿ ಎಳೆಯುವಾಗಿನ ಎತ್ತರದಲ್ಲೇ ಇರಬೇಕು, ಚಕ್ರಕ್ಕೆ ಎರಡೂ ಕಡೆ ಅಡ್ಡೆ ಕೊಟ್ಟಿರಬೇಕು. ಇಲ್ಲಿ ತಕ್ಕಡಿ 125 ತೋರಿಸಿತು. ಮೂರರಿಂದ ಗುಣಿಸಿದರೆ 375.

ಒಟ್ಟು ತೂಕದ ನೂರಕ್ಕೆ 12 ಪಾಲು. ಟ್ರೇಲರಿನ ದೃಷ್ಟಿಯಿಂದ ಹದವಾದ ಅಂಕಿ. ಗಾಡಿಯ ದೃಷ್ಟಿಯಿಂದ 25 ಪೌಂಡ್ ಹೆಚ್ಚು. ಒಟ್ಟು ತೂಕ 3,500ರ ಒಳಗೇ ಇದೆ ಎಂದು ನೆಮ್ಮದಿಯಾಗಿ ಹೊರಡುವವರು ಎಡವುವುದು ಇಲ್ಲೇ.

ಇನ್ನೂ ಒಂದು ಮಿತಿಯಿದೆ, ಅದನ್ನು ನೋಡುವವರು ಬಹಳ ಕಡಿಮೆ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಎಂದು ಬರೆದಿರುತ್ತದೆ. ಈ ಗಾಡಿಯಲ್ಲಿ ಅದು 1,120 ಪೌಂಡ್. ಮೂಕಿ ಭಾರವೂ ಆ ಲೆಕ್ಕಕ್ಕೇ ಸೇರುತ್ತದೆ. ಕಾರ್ಖಾನೆಯಿಂದ ಬಂದ ಮೇಲೆ ಹಾಕಿದ ಹಿಚ್ ಕೂಡ. ನಾಲ್ವರ ತೂಕ 520, ಹಿಂದಿನ ತೊಟ್ಟಿಯ ಮುಚ್ಚಳ ಮತ್ತು ಸಾಮಾನು 180, ಹಿಚ್ 45, ಬಾಲ್ ಮತ್ತು ಬಾಲ್ ಮೌಂಟ್ 15, ಮೂಕಿ 375. ಒಟ್ಟು 1,135. ಅಂದರೆ 15 ಪೌಂಡ್ ಹೆಚ್ಚು.

ಪರಿಹಾರ ಟ್ರೇಲರಿನ ಒಳಗೇ ಇತ್ತು. ಜ್ಯಾಕು, ಅಡ್ಡೆ, ಸಲಕರಣೆ ತುಂಬಿದ 70 ಪೌಂಡಿನ ಪೆಟ್ಟಿಗೆ ಮುಂದಿನ ಕಪಾಟಿನಲ್ಲಿ, ಆಕ್ಸಲ್ಲಿಗಿಂತ 75 ಇಂಚು ಮುಂದೆ ಇತ್ತು. ಕಪ್ಲರಿನಿಂದ ಆಕ್ಸಲ್ಲಿಗೆ 150 ಇಂಚು. ಪೆಟ್ಟಿಗೆ ನಡುಮಧ್ಯೆ ಇದ್ದುದರಿಂದ ಅದರ ಭಾರದ ಅರ್ಧ, 35 ಪೌಂಡ್, ಮೂಕಿಗೆ ಬೀಳುತ್ತಿತ್ತು. ಅದನ್ನು ಸರಿಯಾಗಿ ಆಕ್ಸಲ್ ಮೇಲಕ್ಕೆ ಸರಿಸಿದ ಮೇಲೆ ಮೂಕಿ ಭಾರ 340ಕ್ಕೆ ಇಳಿಯಿತು. ಗಾಡಿಯ ಒಟ್ಟು 1,100ಕ್ಕೆ ಬಂತು. ನೂರಕ್ಕೆ 10.9 ಪಾಲು, ಹತ್ತರ ಮೇಲೆಯೇ. ಪೆಟ್ಟಿಗೆಯನ್ನು ಆಕ್ಸಲ್ಲಿನ ಹಿಂದಕ್ಕೆ ತಳ್ಳಬೇಕೆಂಬ ಆಸೆ ಬರುತ್ತದೆ, ಆದರೆ ಮಾಡಬಾರದು. ಟ್ರೇಲರಿನ ಹಿಂಬದಿಯಲ್ಲಿ ಕೂತ ಭಾರ ಮೂಕಿಯನ್ನು ಹಗುರ ಮಾಡುವುದಷ್ಟೇ ಅಲ್ಲ, ಒಮ್ಮೆ ಆಡಲು ಶುರುವಾದ ಬಾಲವನ್ನು ನಿಲ್ಲದಂತೆ ಮಾಡುತ್ತದೆ.

ಆ 340 ಪೌಂಡ್ ಗಾಡಿಯ ಮೇಲೆ ಹೇಗೆ ಕೂರುತ್ತದೆ ಎಂಬುದನ್ನೂ ಒಮ್ಮೆ ನೋಡಿ. ಬಾಲ್ ಇರುವುದು ಹಿಂದಿನ ಆಕ್ಸಲ್ಲಿಗಿಂತ 48 ಇಂಚು ಹಿಂದೆ, ಎರಡು ಆಕ್ಸಲ್ಲುಗಳ ನಡುವೆ 127 ಇಂಚು. ಸನ್ನೆಗೋಲಿನ ಲೆಕ್ಕದಲ್ಲಿ ಮುಂದಿನ ಆಕ್ಸಲ್ಲಿನಿಂದ 128 ಪೌಂಡ್ ಎದ್ದುಹೋಗುತ್ತದೆ, ಹಿಂದಿನದಕ್ಕೆ 468 ಬೀಳುತ್ತದೆ. ಸ್ಟಿಯರಿಂಗ್ ಹಗುರಾದಂತೆ ಅನ್ನಿಸುವುದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ಇದೇ ಕಾರಣಕ್ಕೆ.

ತುಕ್ಕು

ಲೆಕ್ಕ ಒಪ್ಪಿದ ಮೇಲೆ ಹಿಚ್ಚನ್ನು ಪೂರ್ತಿ ಇಳಿಸಿದೆವು. ಐದು ಬೋಲ್ಟು ಬಿಗಿಯಾಗಿದ್ದರೂ ಇಳಿಸಿದ್ದು ಯಾಕೆಂದರೆ, ಹಿಚ್ಚಿನ ಕಿವಿ ಮತ್ತು ಚಾಸಿಯ ನಡುವಿನ ಅಂಚಿನಲ್ಲಿ ಕಂದು ಹೆಕ್ಕಳೆಗಳು ಹೊರಗೆ ಇಣುಕುತ್ತಿದ್ದವು.

ಮಿಷಿಗನ್‌ನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯಿದೆ. ಆ ಉಪ್ಪುನೀರು ಚಾಸಿಯ ಒಳಮೈಗೆ ಸಿಡಿದು, ಕೆಸರಿನ ಜೊತೆ ಮೂಲೆಗಳಲ್ಲಿ ಕೂತು, ಬೇಸಿಗೆಯಲ್ಲೂ ತಿನ್ನುತ್ತಲೇ ಇರುತ್ತದೆ. ಪಿಕಪ್ಪುಗಳ ಚಾಸಿ ತುಕ್ಕು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಒಂದು ಉದಾಹರಣೆ: 2005ರಿಂದ 2010ರ ಟಕೋಮಾ, 2007 ಮತ್ತು 2008ರ ಟುಂಡ್ರಾ, 2005ರಿಂದ 2008ರ ಸೆಕ್ವೋಯಾ ಗಾಡಿಗಳ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ ಟೊಯೋಟಾ 2016ರಲ್ಲಿ ರಾಜಿಗೆ ಒಪ್ಪಿತು. ಚಾಸಿ ತಪಾಸಣೆ, ತೂತು ಬಿದ್ದಿದ್ದರೆ ಹೊಸ ಚಾಸಿ. ಅದರ ಮೌಲ್ಯ 3.4 ಬಿಲಿಯನ್ ಡಾಲರ್‌ವರೆಗೆ ಎಂದು ಅಂದಾಜಿಸಿದ್ದರು.

ಆದ್ದರಿಂದ ಹಿಚ್ ಕೊಳ್ಳುವ ಮೊದಲೇ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಗಂಟೆಯ ಹಾಗೆ ನಾದ ಕೊಡುತ್ತದೆ, ತಿಂದುಹೋದದ್ದು ಮಣ್ಣಿನ ಗಡಿಗೆ ತಟ್ಟಿದಂತೆ ಮೊಂಡಾಗಿ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ಚೂಪಾದ ದಬ್ಬಳದಿಂದ ಒತ್ತಿ ನೋಡಬೇಕು. ಒಳಗೆ ಇಳಿದರೆ ಆ ಚಾಸಿಗೆ ಹಿಚ್ ಬೇಡ, ಎಷ್ಟೇ ಗಟ್ಟಿ ಹಿಚ್ ತಂದರೂ ಬೇಡ. ಮೇಲೆ ಪಟ್ಟಿ ಬೆಸುಗೆ ಹಾಕಿ ಹಿಚ್ ಕೂರಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಅವರ ಮಾತಿಗೆ ಒಪ್ಪಬೇಡಿ. ಈ ಗಾಡಿಯ ಚಾಸಿಯ ಹಿಂಭಾಗ ಒಳಬದಿಗೆ ತೆರೆದ ಸಿ ಆಕಾರದ್ದು, ಅದರ ಮುಂದಿನ ತುಂಡು ನಾಲ್ಕೂ ಕಡೆ ಮುಚ್ಚಿದ ಡಬ್ಬಿಯಂಥದು. ಎರಡೂ ಕಡೆ ನಾದ ಬಂತು, ದಬ್ಬಳ ಎಲ್ಲೂ ಇಳಿಯಲಿಲ್ಲ. ವೈರ್ ಬ್ರಷ್ಷಿನಿಂದ ಉಜ್ಜಿದ ಮೇಲೆ ಕ್ಯಾಲಿಪರ್ ಹಿಡಿದರೆ ತುಕ್ಕಿಲ್ಲದ ಜಾಗದಲ್ಲಿ 3.2 ಮಿಲಿಮೀಟರ್, ಹಿಚ್ ಕೂರುವಲ್ಲಿ ಎಡಕ್ಕೆ 2.9, ಬಲಕ್ಕೆ 3.0. ಒಪ್ಪಬಹುದಾದ ಸವೆತ.

ಹೆಕ್ಕಳೆ ಇದ್ದಂತೆಯೇ ಅದರ ಮೇಲೆ ಹಿಚ್ ಬಿಗಿದರೆ ಏನಾಗುತ್ತದೆ? ಹಿಚ್ಚಿನ ಭಾರವನ್ನು ಬೋಲ್ಟಿನ ದಂಟು ಕತ್ತರಿಯಂತೆ ತಡೆದು ಹಿಡಿಯುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಿಜಕ್ಕೂ ಭಾರ ಹೊರುವುದು ಎರಡು ಲೋಹದ ಮೈಗಳ ನಡುವಿನ ಘರ್ಷಣೆ. ಬೋಲ್ಟಿನ ಕೆಲಸ ಆ ಎರಡನ್ನೂ ಅದುಮಿ ಹಿಡಿಯುವುದು. 12 ಮಿಲಿಮೀಟರ್ ದಪ್ಪದ 10.9 ದರ್ಜೆಯ (ಉಕ್ಕಿನ ಬಲದ ದರ್ಜೆ) ಬೋಲ್ಟನ್ನು 86 ಪೌಂಡ್-ಅಡಿಗೆ, ಅಂದರೆ 117 ನ್ಯೂಟನ್ ಮೀಟರಿಗೆ ಬಿಗಿದಾಗ ಅದು ಸುಮಾರು 5 ಟನ್ ಬಲದಿಂದ ಅದುಮುತ್ತದೆ. ಬೋಲ್ಟು ಆಗ ರಬ್ಬರಿನಂತೆ ಚೂರು ಹಿಗ್ಗಿರುತ್ತದೆ. ಎಷ್ಟು ಹಿಗ್ಗಿರುತ್ತದೆ? ನಟ್ಟಿಗೂ ತಲೆಗೂ ನಡುವೆ 25 ಮಿಲಿಮೀಟರ್ ಅಂತರವಿದ್ದರೆ ಸುಮಾರು 0.065 ಮಿಲಿಮೀಟರ್. ತಲೆಗೂದಲಿನ ದಪ್ಪ. ಆ ಐದು ಟನ್ ಬಲವೆಲ್ಲ ಅಡಗಿರುವುದು ಆ ಒಂದು ಕೂದಲಿನಷ್ಟು ಹಿಗ್ಗಿನಲ್ಲಿ. ನಡುವೆ ಸಿಕ್ಕ ತುಕ್ಕಿನ ಹೆಕ್ಕಳೆ ರಸ್ತೆಯ ಕುಲುಕಾಟಕ್ಕೆ ಪುಡಿಯಾಗಿ ಒಂದು ಕೂದಲಿನಷ್ಟು ಕುಸಿದರೂ ಬಿಗಿ ಸೊನ್ನೆಗೆ ಬರುತ್ತದೆ. ಆಗ ಬೋಲ್ಟಿನ ತಲೆ ಅಲುಗಿರುವುದಿಲ್ಲ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ದಪ್ಪ ಬಣ್ಣ, ಹಸಿ ಅಂಡರ್‌ಕೋಟಿಂಗ್ ಕೂಡ ಹೀಗೇ ಕುಸಿಯುತ್ತವೆ.

ಹಿಚ್ ಕೂರುವ ಜಾಗವನ್ನು ಎರಡೂ ಕಡೆ ಹೊಳೆಯುವ ಉಕ್ಕು ಕಾಣುವವರೆಗೆ ಉಜ್ಜಿ, ಸತುವಿನ ಪ್ರೈಮರಿನ ಒಂದೇ ತೆಳು ಪದರ ಬಳಿದು, ಪೂರ್ತಿ ಒಣಗಲು ಬಿಡಲಾಯಿತು. ಅಂಡರ್‌ಕೋಟಿಂಗ್ ಬೇಕಿದ್ದರೆ ಎಲ್ಲ ಬಿಗಿದ ಮೇಲೆ, ಹೊರಮೈಗೆ ಮಾತ್ರ.

ಸುತ್ತುವ ನಟ್ಟು, ಒಳಗೆ ಬಿದ್ದ ಬೋಲ್ಟು

ಪ್ರತಿ ಬದಿಗೂ ಮೂರು ಬೋಲ್ಟು. ಎರಡು ಸಿ ಆಕಾರದ ಭಾಗದಲ್ಲಿ ಕಾರ್ಖಾನೆಯವರೇ ಬೆಸುಗೆ ಹಾಕಿದ ನಟ್ಟುಗಳಿಗೆ, ಥ್ರೆಡ್ 12 ಮಿಲಿಮೀಟರ್, ಅಂತರ 1.25. ಮೂರನೆಯದು ಡಬ್ಬಿ ಭಾಗದ ಒಳಗಿನಿಂದ ಹೊರಕ್ಕೆ ಎಳೆಯಬೇಕಾದ ಅರ್ಧ ಇಂಚಿನ ಕ್ಯಾರೇಜ್ ಬೋಲ್ಟು, ತಲೆಯ ಕೆಳಗೆ ಚೌಕ ಕತ್ತು ಇರುವಂಥದು.

ಬೆಸುಗೆಯ ನಟ್ಟುಗಳ ಥ್ರೆಡ್ಡಿನಲ್ಲಿ ಹದಿನೈದು ವರ್ಷದ ಉಪ್ಪು ಕೂತಿತ್ತು. ಮೊದಲ ಪ್ರಯತ್ನದಲ್ಲಿ ಅದನ್ನು ತೆಗೆಯದೆ ಇಂಪ್ಯಾಕ್ಟ್ ಗನ್ನಿನಿಂದಲೇ ಬೋಲ್ಟು ನುಗ್ಗಿಸಿದ್ದರು. ನಾಲ್ಕು ಸುತ್ತಿಗೆ ತುಕ್ಕು ಥ್ರೆಡ್ಡಿನ ನಡುವೆ ಬೆಣೆಯಾಯಿತು, ಗನ್ ನಿಲ್ಲಲಿಲ್ಲ, ನಟ್ಟಿನ ಬೆಸುಗೆ ಕಿತ್ತುಬಂತು. ಬೋಲ್ಟನ್ನು ಕೈಯಿಂದ ಹಾಕಿದ್ದರೆ ಅದು ಒಂದೂವರೆ ಸುತ್ತಿಗೇ ಮುನ್ಸೂಚನೆ ಕೊಡುತ್ತಿತ್ತು. ಯಾವ ಬೋಲ್ಟನ್ನಾದರೂ ಮೊದಲ ಐದಾರು ಸುತ್ತು ಬೆರಳಿನಿಂದ ತಿರುಗಿಸಬೇಕು. ಬೆರಳಿಗೆ ಬಗ್ಗದಿದ್ದರೆ ಥ್ರೆಡ್ ಸ್ವಚ್ಛವಾಗಿಲ್ಲ ಅಥವಾ ಬೋಲ್ಟು ಓರೆಯಾಗಿದೆ ಎಂದರ್ಥ.

ಎಡಬದಿಯ ಆ ನಟ್ಟು ತೆರೆದ ಭಾಗದಲ್ಲಿದ್ದುದು ಪುಣ್ಯ. ಕಚ್ಚಿದ ಬೋಲ್ಟಿನ ತಲೆಯನ್ನು ಗ್ರೈಂಡರಿನಿಂದ ಕತ್ತರಿಸಿ ಮೊದಲೇ ಹಿಚ್ ಇಳಿಸಿಕೊಂಡಿದ್ದೆವು. ಉಳಿದ ದಂಟನ್ನು ನಟ್ಟಿನ ಸಮೇತ ಒಳಕ್ಕೆ ಬಡಿದು ತೆಗೆದು, ಬೆಸುಗೆಯ ಉಬ್ಬುಗಳನ್ನು ಸಪಾಟು ಮಾಡಲಾಯಿತು. ಉಬ್ಬು ಉಳಿದರೆ ವಾಷರ್ ಮೂರು ಬಿಂದುಗಳ ಮೇಲೆ ಕೂರುತ್ತದೆ, ಮತ್ತೆ ಅದೇ ಕುಸಿತದ ಕತೆ. ಅಲ್ಲಿಗೆ ಅದೇ ಅಳತೆಯ ಹೊಸ 10.9 ದರ್ಜೆಯ ಬೋಲ್ಟು, ದಪ್ಪ ಗಟ್ಟಿ ವಾಷರ್, 10ರ ದರ್ಜೆಯ ಫ್ಲ್ಯಾಂಜ್ ನಟ್ಟು. ಇದೇ ಮುಚ್ಚಿದ ಡಬ್ಬಿಯೊಳಗೆ ಆಗಿದ್ದರೆ ಒಂದು ಬೋಲ್ಟಿಗೆ ಇಡೀ ದಿನ ಹೋಗುತ್ತಿತ್ತು.

ಉಳಿದ ಮೂರು ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಥ್ರೆಡ್ ಕೊರೆಯುವ ಉಪಕರಣವಾದ ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಥ್ರೆಡ್ ಬಿಡಿಸಲಾಯಿತು. ಕೊನೆಗೆ ಬ್ರೇಕ್ ಕ್ಲೀನರಿನಿಂದ ತೊಳೆದು ಎಣ್ಣೆ ಪೂರ್ತಿ ತೆಗೆದದ್ದು ಮುಖ್ಯ. ಹಿಚ್ ಕಿಟ್ಟಿನ ಹಾಳೆಯಲ್ಲಿ ಕೊಟ್ಟ ಟಾರ್ಕ್, ಅಂದರೆ ಬಿಗಿಯುವ ತಿರುಚುಬಲ, ಒಣ ಥ್ರೆಡ್ಡಿಗೆ. ಎಣ್ಣೆ ಇದ್ದರೆ ಅದೇ 86 ಪೌಂಡ್-ಅಡಿಗೆ ಬೋಲ್ಟು ಮೂರನೇ ಒಂದರಷ್ಟು ಹೆಚ್ಚು ಹಿಗ್ಗಬಹುದು.

ಡಬ್ಬಿ ಭಾಗದ ಬೋಲ್ಟಿಗೆ ಫಿಶ್ ವೈರ್ ಬೇಕು, ಒಂದು ತುದಿ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ತಂತಿ. ಸುರುಳಿಯ ತುದಿಯನ್ನು ಮೊದಲು ಹಿಚ್ ಕೂರುವ ತೂತಿನಿಂದ ಚಾಸಿಯೊಳಗೆ ತೂರಿಸಿ, ಪಕ್ಕದ ದೊಡ್ಡ ಕಂಡಿಯಿಂದ ಹೊರಗೆ ತರಬೇಕು. ಅಲ್ಲಿ ಮೊದಲು ಚೌಕ ತೂತಿನ ಉಕ್ಕಿನ ಬಿಲ್ಲೆಯನ್ನು ತಂತಿಗೆ ಪೋಣಿಸಬೇಕು, ಆಮೇಲೆ ಬೋಲ್ಟಿನ ಥ್ರೆಡ್ ತುದಿಯನ್ನು ಸುರುಳಿಗೆ ತಿರುಗಿಸಿ ಕೂರಿಸಬೇಕು. ಈ ಕ್ರಮ ತಪ್ಪಿದರೆ ಬಿಲ್ಲೆ ಬೋಲ್ಟಿನ ತಲೆಗೂ ಚಾಸಿಗೂ ನಡುವೆ ಬರುವುದೇ ಇಲ್ಲ. ಎರಡನ್ನೂ ಕಂಡಿಯೊಳಗೆ ಬಿಟ್ಟು ತಂತಿಯನ್ನು ಮೆಲ್ಲಗೆ ಎಳೆದರೆ, ಒಳಗೆ ಕಿರ್ರೆಂದು ಸರಿಯುತ್ತ ಬಂದು ಥ್ರೆಡ್ ತೂತಿನಲ್ಲಿ ಮೂತಿ ತೋರಿಸುತ್ತದೆ. ಬೋಲ್ಟಿನ ಚೌಕ ಕತ್ತು ಬಿಲ್ಲೆಯ ಚೌಕದಲ್ಲಿ ಕೂತರೆ ನಟ್ಟು ಬಿಗಿಯುವಾಗ ತಲೆ ಸುತ್ತುವುದಿಲ್ಲ. ಹಿಚ್ಚನ್ನು ಎತ್ತಿ, ತಂತಿಯನ್ನು ಹಿಚ್ಚಿನ ತೂತಿನಿಂದ ಆಚೆಗೆ ತಂದು, ಬೋಲ್ಟು ಹೊರಬಂದ ಮೇಲೆ ಮಾತ್ರ ತಂತಿ ಬಿಚ್ಚಬೇಕು. ಅದಕ್ಕೆ ಮುಂಚೆ ಬಿಚ್ಚಿ, ಬೆರಳಿನಿಂದ ಒತ್ತಿದರೆ ಬೋಲ್ಟು ಒಳಗೆ ಬೀಳುತ್ತದೆ. ಈ ಗಾಡಿಯ ಬಲಬದಿಯ ಡಬ್ಬಿಯಲ್ಲಿ ಮೊದಲ ಪ್ರಯತ್ನದಲ್ಲಿ ಬಿದ್ದ ಒಂದು ಬೋಲ್ಟು ಇನ್ನೂ ಇತ್ತು. ಬಾಗುವ ಕತ್ತಿನ ಆಯಸ್ಕಾಂತದಿಂದ ಅದನ್ನು ತೆಗೆಯಲಾಯಿತು. ಬಿಟ್ಟಿದ್ದರೆ ಬೀಳುವ ಭಯವಿಲ್ಲ, ಆದರೆ ಪ್ರತಿ ಹಳ್ಳಕ್ಕೂ ಕಟಕಟ ಎನ್ನುತ್ತ ಎಲ್ಲಿ ಏನು ಸಡಿಲಾಗಿದೆಯೋ ಎಂದು ಹುಡುಕಿಸುತ್ತದೆ.

ಕೂರಿಸುವ ಮುಂಚೆ ಸ್ಟೆಪ್ನಿಯನ್ನು ಇಳಿಸಿ ಜಾಗ ಮಾಡಿಕೊಳ್ಳಬೇಕು. ಎಕ್ಸಾಸ್ಟ್ ಪೈಪಿನ ಕೊನೆಯ ರಬ್ಬರ್ ತೂಗುಗೊಂಡಿಯನ್ನು ಸೋಪು ನೀರು ಹಾಕಿ ಜಾರಿಸಿ, ಪೈಪು ಜೋತು ಬೀಳದಂತೆ ತಂತಿ ಕಟ್ಟಬೇಕು. 45 ಪೌಂಡಿನ ಹಿಚ್ಚನ್ನು ಮಲಗಿಕೊಂಡು ಒಬ್ಬರೇ ಎತ್ತಿ ಹಿಡಿಯುವುದು ಅಪಾಯ. ಒಂದು ತುದಿಗೆ ಬೆಲ್ಟು ಹಾಕಿ ಬಂಪರಿಗೆ ತೂಗಿಸಿ, ಇನ್ನೊಂದನ್ನು ಟ್ರಾಲಿ ಜ್ಯಾಕಿನಿಂದ ಎತ್ತಿದರೆ ಕೈ ಬಿಡುವಾಗಿರುತ್ತದೆ. ಆರೂ ಬೋಲ್ಟನ್ನು ಮೊದಲು ಕೈಬಿಗಿ ಮಾಡಿ, ರಿಸೀವರಿನಿಂದ ಎರಡೂ ಕಡೆಯ ಚಾಸಿಗೆ ಅಳತೆ ಹಿಡಿದು ನಡುವಿಗೆ ತಂದು, ಆಮೇಲೆ ಟಾರ್ಕ್ ವ್ರೆಂಚ್. 12 ಮಿಲಿಮೀಟರಿನ ನಾಲ್ಕಕ್ಕೆ 86, ಅರ್ಧ ಇಂಚಿನ 8ನೇ ಗ್ರೇಡಿನ ಎರಡಕ್ಕೆ 110 ಪೌಂಡ್-ಅಡಿ, ಈ ಕಿಟ್ಟಿನ ಹಾಳೆಯಲ್ಲಿ ಇದ್ದಂತೆ. ಬೇರೆ ಕಿಟ್ಟಿಗೆ ಬೇರೆ ಅಂಕಿ ಇರುತ್ತದೆ. ಕೊನೆಗೆ ಹೊರಗೆ ಕಾಣುವ ಪ್ರತಿ ಬೋಲ್ಟಿನ ತಲೆ ಅಥವಾ ನಟ್ಟಿನಿಂದ ಹಿಚ್ಚಿನ ಮೈವರೆಗೆ ಬಿಳಿ ಬಣ್ಣದ ಒಂದು ಗೆರೆ. ಅದು ತಿರುಗಿದರೆ ಗೆರೆ ಮುರಿಯುತ್ತದೆ.

ಕಂದು ವೈರಿಗೆ ಕಂದು ವೈರು

ದೀಪದ ಗೊಂದಲಕ್ಕೆ ಎರಡು ಕಾರಣಗಳಿದ್ದವು. ಒಂದು ಸುಲಭದ್ದು. ಅಮೆರಿಕದಲ್ಲಿ ಟ್ರೇಲರ್ ವೈರುಗಳಿಗೆ ಎರಡು ಬಣ್ಣದ ಪದ್ಧತಿಗಳಿವೆ. ನಾಲ್ಕು ಪಿನ್ನಿನ ಚಪ್ಪಟೆ ಕನೆಕ್ಟರಿನಲ್ಲಿ ಬಿಳಿ ಅರ್ಥ್, ಕಂದು ಪಾರ್ಕಿಂಗ್, ಹಳದಿ ಎಡ, ಹಸಿರು ಬಲ. ಕ್ಯಾಂಪಿಂಗ್ ಟ್ರೇಲರುಗಳ ಏಳು ಪಿನ್ನಿನ ಪದ್ಧತಿಯಲ್ಲಿ ಹಸಿರು ಪಾರ್ಕಿಂಗ್, ಕೆಂಪು ಎಡ, ಕಂದು ಬಲ, ಹಳದಿ ರಿವರ್ಸ್, ನೀಲಿ ಬ್ರೇಕ್, ಕಪ್ಪು 12 ವೋಲ್ಟ್. ಕಂದಿಗೆ ಕಂದು ಜೋಡಿಸಿದ್ದರಿಂದ ಪಾರ್ಕಿಂಗ್ ದೀಪದ ಕರೆಂಟು ಬಲ ಇಂಡಿಕೇಟರಿಗೆ ಹೋಗುತ್ತಿತ್ತು. ಬಣ್ಣ ನೋಡಿ ಜೋಡಿಸಬಾರದು. ಸಾಕೆಟ್ಟಿನ ಹಿಂಬದಿಯಲ್ಲಿ ಅಚ್ಚೊತ್ತಿದ ಸ್ಥಾನ ನೋಡಿ, ಪ್ರತಿ ವೈರನ್ನೂ ಟೆಸ್ಟ್ ಲ್ಯಾಂಪಿನಿಂದ ಗುರುತಿಸಿ ಜೋಡಿಸಬೇಕು.

ಎರಡನೆಯದು ಅರ್ಥ್. ಬಿಳಿ ವೈರನ್ನು ತಾನೇ ಕೊರೆದುಕೊಳ್ಳುವ ಸ್ಕ್ರೂನಿಂದ ತುಕ್ಕು ಹಿಡಿದ ಬಂಪರ್ ಬ್ರಾಕೆಟ್ಟಿಗೆ ಬಿಗಿದಿದ್ದರು. ಎಲ್ಲ ದೀಪ ಹಾಕಿ ಟ್ರೇಲರಿನ ಚಾಸಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿದರೆ 2.8 ವೋಲ್ಟ್ ತೋರಿಸಿತು. ಅಲ್ಲಿ ಬಹುತೇಕ ಸೊನ್ನೆ ಇರಬೇಕು, 0.2 ದಾಟಿದರೆ ಹುಡುಕಬೇಕು. ಮರಳುವ ದಾರಿ ಸಿಗದ ಕರೆಂಟು ಬೇರೆ ಬಲ್ಬುಗಳ ಮೂಲಕ, ಕೆಲವೊಮ್ಮೆ ಬಾಲ್ ಮತ್ತು ಕಪ್ಲರಿನ ಮೂಲಕ ನುಸುಳುತ್ತದೆ. ಬ್ರೇಕ್ ತುಳಿದಾಗ ಉಳಿದವು ಮಂಕಾಗಿದ್ದು ಅದಕ್ಕೇ. ದಪ್ಪ ವೈರನ್ನು, ಇಲ್ಲಿ 10 ಗೇಜಿನದು, ಕಾರ್ಖಾನೆಯ ಅರ್ಥ್ ಬೋಲ್ಟಿಗೇ ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ಬಳಿದ ಮೇಲೆ 0.08ಕ್ಕೆ ಇಳಿಯಿತು.

ಈ ಪಿಕಪ್ಪಿನಲ್ಲಿ ಬ್ರೇಕ್ ಬಲ್ಬು ಬೇರೆ, ಇಂಡಿಕೇಟರ್ ಬಲ್ಬು ಬೇರೆ. ಟ್ರೇಲರಿನಲ್ಲಿ ಎರಡೂ ಒಂದೇ ಬಲ್ಬು. ನಡುವೆ ಆ ಎರಡು ಸಂಕೇತಗಳನ್ನು ಒಂದಾಗಿಸುವ ಕನ್ವರ್ಟರ್ ಡಬ್ಬಿ ಬೇಕು, ಅದಕ್ಕೆ ಬ್ಯಾಟರಿಯಿಂದ ನೇರ ಫ್ಯೂಸಿನ ವೈರು ಬೇಕು. ಟ್ರೇಲರಿಗೆ ವಿದ್ಯುತ್ ಬ್ರೇಕ್ ಇರುವುದರಿಂದ ಡ್ಯಾಶಿನ ಕೆಳಗೆ ಆ ಬ್ರೇಕಿಗೆ ಕರೆಂಟು ಕಳಿಸುವ ಬ್ರೇಕ್ ಕಂಟ್ರೋಲರ್ ಕೂಡ. ಅದರ ಕಪ್ಪು ವೈರು 20 ಆಂಪಿಯರ್ ಬ್ರೇಕರ್ ಮೂಲಕ ಬ್ಯಾಟರಿಗೆ, ಬಿಳಿ ನೆಗೆಟಿವ್‌ಗೆ, ಕೆಂಪು ಬ್ರೇಕ್ ಪೆಡಲಿನ ಸ್ವಿಚ್ಚಿಗೆ, ನೀಲಿ ಹಿಂದಿನ ಸಾಕೆಟ್ಟಿಗೆ.

ಬಾಲ್, ಚೈನು, ಮೊದಲ 50 ಮೈಲಿ

ರಿಸೀವರಿನ ಒಳಮೇಲ್ಮೈ ನೆಲದಿಂದ 19.5 ಇಂಚು. ಟ್ರೇಲರ್ ಸಮತಟ್ಟಾದಾಗ ಕಪ್ಲರಿನ ಕೆಳಅಂಚು 17.5. ವ್ಯತ್ಯಾಸ 2, ಹಾಗಾಗಿ 2 ಇಂಚು ಕೆಳಗಿಳಿದ ಬಾಲ್ ಮೌಂಟ್. ಕಪ್ಲರಿನ ಮೇಲೆ 2 ಇಂಚು ಎಂದು ಅಚ್ಚಿದೆ, ಬಾಲ್ ಕೂಡ 2 ಇಂಚಿನದೇ ಇರಬೇಕು. 1⅞ ಇಂಚಿನ ಬಾಲ್ ಮೇಲೂ ಈ ಕಪ್ಲರ್ ಕೂತು ಲ್ಯಾಚ್ ಬೀಳುತ್ತದೆ, ಅಂಗಳದಲ್ಲಿ ಎಳೆದರೆ ಬರುತ್ತದೆ, ರಸ್ತೆಯ ಮೊದಲ ದೊಡ್ಡ ಉಬ್ಬಿಗೆ ಕಳಚುತ್ತದೆ. ಇದಕ್ಕಿಂತ ಅಪಾಯದ ತಪ್ಪು ಈ ಕೆಲಸದಲ್ಲಿ ಇನ್ನೊಂದಿಲ್ಲ. 1 ಇಂಚು ದಂಟಿನ ಬಾಲ್ ನಟ್ಟಿಗೆ 250 ಪೌಂಡ್-ಅಡಿ ಬೇಕು. ಮನೆಯ ಸಣ್ಣ ವ್ರೆಂಚಿಗೆ ಅದು ಎಟುಕುವುದಿಲ್ಲ. ಬಾಲ್ ಮೌಂಟನ್ನು ರಿಸೀವರಿಗೆ ಹಿಡಿಯುವ ಪಿನ್ನು ⅝ ಇಂಚು, ತುದಿಗೆ ಕ್ಲಿಪ್.

ಕಪ್ಲರ್ ಕೂರಿಸಿ ಲ್ಯಾಚ್ ಹಾಕಿದ ಮೇಲೆ ಟ್ರೇಲರಿನ ಜ್ಯಾಕನ್ನು ಮತ್ತೆ ಮೇಲಕ್ಕೆ ತಿರುಗಿಸಿ ನೋಡಬೇಕು. ಗಾಡಿಯ ಹಿಂಭಾಗ ಅದರ ಜೊತೆ ಒಂದೆರಡು ಇಂಚು ಏಳಬೇಕು. ಏಳದೆ ಕಪ್ಲರ್ ಮಾತ್ರ ಎದ್ದರೆ ಲ್ಯಾಚ್ ಬಾಲಿನ ಕೆಳಗೆ ಕೂತಿಲ್ಲ. ಎರಡು ಚೈನುಗಳನ್ನು ಕಪ್ಲರಿನ ಕೆಳಗೆ ಅಡ್ಡಡ್ಡ ಹಾಯಿಸಿ ಕೊಕ್ಕೆ ಹಾಕಬೇಕು. ಕಪ್ಲರ್ ಕಳಚಿದರೂ ಆ ತೊಟ್ಟಿಲು ಅದನ್ನು ನೆಲಕ್ಕೆ ಬಿಡುವುದಿಲ್ಲ. ಟ್ರೇಲರ್ ಕಳಚಿಹೋದರೆ ಅದರ ಬ್ರೇಕ್ ಹಾಕುವ ಬ್ರೇಕ್‌ಅವೇ ತಂತಿಯನ್ನು ಚೈನಿಗಾಗಲಿ ಬಾಲ್ ಮೌಂಟಿಗಾಗಲಿ ಸಿಕ್ಕಿಸದೆ ಗಾಡಿಯ ಮೈಗೇ ಬೇರೆಯಾಗಿ ಸಿಕ್ಕಿಸಬೇಕು, ಇಲ್ಲದಿದ್ದರೆ ಬಾಲ್ ಮೌಂಟ್ ಕಳಚಿದ ದಿನ ಅದೂ ಜೊತೆಯಲ್ಲೇ ಹೋಗುತ್ತದೆ.

ಖಾಲಿ ಪಾರ್ಕಿಂಗ್ ಮೈದಾನದಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿ ಬ್ರೇಕ್ ಕಂಟ್ರೋಲರನ್ನು ಹಂತಹಂತವಾಗಿ ಏರಿಸಿ, ಟ್ರೇಲರ್ ಚಕ್ರ ಲಾಕ್ ಆಗುವ ಅಂಕಿಯಿಂದ ಸ್ವಲ್ಪ ಕೆಳಗೆ ನಿಲ್ಲಿಸಲಾಯಿತು. ಭಾರ ಹಾಕಿದ ಮೇಲೆ ಗಾಡಿಯ ಹಿಂಭಾಗ 1¼ ಇಂಚು ಇಳಿದಿತ್ತು, ಟ್ರೇಲರಿನ ಮೂತಿ ತುಸುವೇ ಬಾಗಿತ್ತು. ಮೂತಿ ಮೇಲೆದ್ದಿದ್ದರೆ ಬಾಲ್ ಮೌಂಟ್ ಬದಲಾಯಿಸಬೇಕಾಗುತ್ತಿತ್ತು.

50 ಮೈಲಿ ಓಡಿಸಿದ ಮೇಲೆ ಆರೂ ಬೋಲ್ಟುಗಳಿಗೆ ಮತ್ತೆ ಟಾರ್ಕ್ ವ್ರೆಂಚ್ ಹಿಡಿಯಲಾಯಿತು. ಐದು ಅಲುಗದೆ ಕ್ಲಿಕ್ ಎಂದವು. ಹೊಸ ನಟ್ಟು ಹಾಕಿದ ಎಡಬದಿಯದು ಮಾತ್ರ ಕ್ಲಿಕ್ ಎನ್ನುವ ಮೊದಲು ಒಂದು ಸುತ್ತಿನ ಎಂಟನೇ ಒಂದರಷ್ಟು ತಿರುಗಿತು. ಹೊಸ ವಾಷರ್ ಉಜ್ಜಿದ ಮೈಗೆ ಕೂತ ಗುರುತು ಅದು. ಅಲ್ಲಿ ಹಳೆಯ ಬಿಳಿ ಗೆರೆ ಒರೆಸಿ ಹೊಸದಾಗಿ ಎಳೆದು, ಇನ್ನೂ 50 ಮೈಲಿಗೆ ಮತ್ತೆ ನೋಡಲು ಹೇಳಲಾಯಿತು. ಎರಡನೇ ಸಲ ಆ ಗೆರೆ ಮುರಿದಿರಲಿಲ್ಲ. ಚಳಿಗಾಲಕ್ಕೆ ಮೊದಲು ಬಾಲ್ ಮೌಂಟನ್ನು ಕಳಚಿ ಒಳಗಿಟ್ಟು, ರಿಸೀವರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕುವುದು ಬಾಕಿಯಿದೆ. ಉಪ್ಪುನೀರಿನಲ್ಲಿ ಬಿಟ್ಟರೆ ಮುಂದಿನ ಬೇಸಿಗೆಗೆ ಪಿನ್ನು ಹೊರಗೆ ಬರುವುದಿಲ್ಲ.